ಕಿಟ್ ಅಗ್ಗ, ದಾರಿ ದುಬಾರಿ

ಮುಂಬೈನಲ್ಲಿ ರೋಗಪತ್ತೆ ಕಿಟ್‌ಗಳ ರಫ್ತು ವಿಭಾಗದಲ್ಲಿ ಕೆಲಸ ಮಾಡುವ ನನಗೆ, ಆಫ್ರಿಕಾದ ಎಚ್‌ಐವಿ ಸುದ್ದಿ ಬಂದಾಗಲೆಲ್ಲ ಸ್ನೇಹಿತರು ಕೇಳುವ ಮೊದಲ ಪ್ರಶ್ನೆ ಕಿಟ್‌ನ ಬೆಲೆಯದ್ದು. ಅಲ್ಲಿನ ಜನ ಪರೀಕ್ಷೆಯಿಂದ ಯಾಕೆ ಹೊರಗುಳಿಯುತ್ತಾರೆ ಎಂಬುದಕ್ಕೆ ಬೆಲೆಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ.

ಬೆರಳ ತುದಿಯಿಂದ ಒಂದು ಹನಿ ರಕ್ತ, 15–20 ನಿಮಿಷ ಕಾಯುವಿಕೆ. ಅಲ್ಲಿನ ಆರೋಗ್ಯ ಕೇಂದ್ರಗಳಲ್ಲಿ ನಡೆಯುವ ರ‍್ಯಾಪಿಡ್ ಟೆಸ್ಟ್ ಇಷ್ಟೇ. ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಅದು ಹುಡುಕುತ್ತದೆ. ಒಂದು ಕಿಟ್ ಪಾಸಿಟಿವ್ ತೋರಿಸಿದ ಮಾತ್ರಕ್ಕೆ ಸೋಂಕು ಖಚಿತವಾಗದು. ಬೇರೆ ಬೇರೆ ಮೂರು ಕಿಟ್‌ಗಳಲ್ಲೂ ಪಾಸಿಟಿವ್ ಬರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿತು.

ಸ್ವತಃ ಮಾಡಿಕೊಳ್ಳುವ ಪರೀಕ್ಷೆಗೆ ಅದೇ ಸಂಸ್ಥೆ 2016ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಮಲಾವಿ, ಜಾಂಬಿಯಾ, ಜಿಂಬಾಬ್ವೆಗಳಲ್ಲಿ ಇಂಥ ಕಿಟ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಹಂಚಿದರು. 2017ರಲ್ಲಿ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ, ಒಸಡು ಒರೆಸಿ ನೋಡುವ ಕಿಟ್ 50 ದೇಶಗಳಿಗೆ 2 ಡಾಲರ್‌ಗೆ ಸಿಗುವಂತಾಯಿತು. 2022ರಲ್ಲಿ ರಕ್ತದ ಹನಿಯಿಂದ ನೋಡುವ ಕಿಟ್ 1 ಡಾಲರ್‌ಗೆ ಇಳಿಯಿತು.

ಹೆಚ್ಚಿನ ದೇಶಗಳ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ದುಬಾರಿಯಾಗುವುದು ಅಲ್ಲಿಗೆ ಹೋಗಿಬರುವ ದಾರಿ. ಬಸ್ ಚಾರ್ಜು, ಕಳೆದುಹೋಗುವ ಒಂದು ದಿನದ ಕೂಲಿ, ಪರಿಚಯದವರು ನೋಡಿಬಿಟ್ಟಾರೆಂಬ ಅಳುಕು. ಗರ್ಭಿಣಿಯರಿಗೆ ತಪಾಸಣೆಯ ಜತೆಗೇ ಪರೀಕ್ಷೆ ಆಗುತ್ತದೆ. ಗಂಡಸರಿಗೆ ಅಂಥ ಸಂದರ್ಭವೇ ಬರುವುದಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಅವರೇ ಹಿಂದೆ.

ಶಿಶುಗಳ ವಿಷಯ ಇನ್ನೂ ಕಷ್ಟದ್ದು. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ ಅಗ್ಗದ ಕಿಟ್‌ನಿಂದ ಸೋಂಕು ಖಚಿತಪಡಿಸಲಾಗದು. ಪಿಸಿಆರ್ ಬೇಕು. ಕಾಗದದ ಮೇಲೆ ಒಣಗಿಸಿದ ರಕ್ತದ ಹನಿ ಹಳ್ಳಿಯಿಂದ ನಗರದ ಪ್ರಯೋಗಾಲಯಕ್ಕೆ ಹೋಗಬೇಕು, ವರದಿ ತಾಯಿಯ ಕೈಗೆ ಮರಳಬೇಕು. ಚಿಕಿತ್ಸೆ ಸಿಗದ ಸೋಂಕಿತ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ಸಾಯುತ್ತವೆ. ಅಲ್ಲಿ ಒಂದೊಂದು ವಾರದ ವಿಳಂಬಕ್ಕೂ ಬೆಲೆಯಿದೆ.

ಈ ದಾರಿಯನ್ನು ಹತ್ತಿರ ಮಾಡಿದವರು ಆಪ್ತ ಸಮಾಲೋಚಕರು ಮತ್ತು ಮನೆಮನೆಗೆ ಹೋಗುವ ಕಾರ್ಯಕರ್ತರು. ಅವರಲ್ಲಿ ಅನೇಕರ ಸಂಬಳ ಬರುತ್ತಿದ್ದುದು 2003ರಲ್ಲಿ ಅಮೆರಿಕ ಆರಂಭಿಸಿದ ಪೆಪ್‌ಫಾರ್ ಯೋಜನೆಯಿಂದ. 2025ರ ಜನವರಿಯಲ್ಲಿ ಟ್ರಂಪ್ ಆಡಳಿತ ವಿದೇಶಿ ನೆರವು ತಡೆಹಿಡಿಯಿತು. ದಕ್ಷಿಣ ಆಫ್ರಿಕಾವನ್ನೇ ನೋಡಿ. ಸುಮಾರು 80 ಲಕ್ಷ ಸೋಂಕಿತರಿರುವ ಆ ದೇಶ ಔಷಧಿಯನ್ನು ಬಹುಪಾಲು ತನ್ನ ಹಣದಿಂದಲೇ ಕೊಳ್ಳುತ್ತದೆ. ಎಚ್‌ಐವಿ ಬಜೆಟ್‌ನಲ್ಲಿ ಪೆಪ್‌ಫಾರ್ ಪಾಲು ಶೇ 17ರಷ್ಟಿತ್ತು. ಆದರೂ ಸಾವಿರಾರು ಆರೋಗ್ಯ ಕಾರ್ಯಕರ್ತರು ಕೆಲಸ ಕಳೆದುಕೊಂಡರು. ಔಷಧಿ ಇದ್ದರೂ, ಪರೀಕ್ಷೆಗೆ ಕರೆತಂದು ಚಿಕಿತ್ಸೆಗೆ ಸೇರಿಸುವ ಕೈಗಳು ಕಡಿಮೆಯಾದವು.

2001ರಲ್ಲಿ ಮುಂಬೈನ ಸಿಪ್ಲಾ ಒಂದು ವರ್ಷದ ಎಚ್‌ಐವಿ ಔಷಧಿಯನ್ನು 350 ಡಾಲರ್‌ಗೆ ಕೊಡುತ್ತೇನೆಂದು ಮುಂದೆ ಬಂದಾಗ ಜಗತ್ತು ಬೆರಗಾಗಿತ್ತು. ಈ ನಗರದಲ್ಲಿ ದುಡಿಯುವ ನನಗೂ ಅದು ಹೆಮ್ಮೆಯೇ. ಅಗ್ಗದ ಸರಕು ಒದಗಿಸುವುದರಲ್ಲಿ ನಮ್ಮವರು ಗಟ್ಟಿಗರು. ಆದರೆ ಟೆಂಡರ್‌ನಲ್ಲಿ ಕಿಟ್‌ಗಳ ಸಂಖ್ಯೆ ಇರುತ್ತದೆ, ಮನೆಬಾಗಿಲಿಗೆ ಹೋಗುವವರ ಸಂಬಳ ಇರುವುದಿಲ್ಲ. ಆ ಸಂಬಳವನ್ನು ಆಯಾ ಸರ್ಕಾರಗಳು ತಮ್ಮ ಬಜೆಟ್‌ನಲ್ಲೇ ಸೇರಿಸಿಕೊಳ್ಳಬೇಕು. ಇಲ್ಲದಿದ್ದರೆ ಒಂದು ಡಾಲರ್‌ನ ಕಿಟ್ ಗೋದಾಮಿನಲ್ಲೇ ಅವಧಿ ಮುಗಿಸುತ್ತದೆ.