ಓಲೆ ನೋಡುವ ಸಭೆಗೆ ಒಂದು ಮಾತು

ನಮ್ಮವ್ವ ಕಿವಿಯೋಲೆ ಬಿಚ್ಚಲಿಲ್ಲ ಅಂತ ಸಭೆಯಲ್ಲಿ ಆಕೆಗೆ ಕರ್ತನ ಭೋಜನದ ರೊಟ್ಟಿ ಕೊಡಲಿಲ್ಲ. ಕೂಲಿ ದುಡ್ಡು ಕೂಡಿಟ್ಟು ಅಪ್ಪ ಮಾಡಿಸಿದ ಓಲೆ ಅದು. "ಓಲೆ ಹಾಕಿದ್ರೆ ಯೇಸಪ್ಪ ಅಜ್ಜಿನ ಮಾತಾಡ್ಸಲ್ವಾ?" ಅಂತ ನನ್ನ ಐದು ವರ್ಷದ ಮಗಳು ಕೇಳಿದಳು. ಸಭೆಯ ಹಿರಿಯರೇ, ಉತ್ತರ ನೀವೇ ಹೇಳಿ.

ಮಾರ್ಕನ ಸುವಾರ್ತೆ 10ನೇ ಅಧ್ಯಾಯ ತೆಗೆದು ನೋಡಿ. ಮಕ್ಕಳನ್ನು ಕರೆತಂದವರನ್ನು ಗದರಿಸಿದ್ದು ಶಿಷ್ಯರು. ಯೇಸು ಸಿಟ್ಟಾದದ್ದು ಆ ಶಿಷ್ಯರ ಮೇಲೆಯೇ. 2ನೇ ಅಧ್ಯಾಯದಲ್ಲಿ, ಸಬ್ಬತ್ ದಿನ ತೆನೆ ಕಿತ್ತವರ ಪರ ನಿಂತದ್ದೂ ಆತನೇ.

ಶಿಸ್ತು ಬೇಡ ಅಂತಿಲ್ಲ. ಆದರೆ ಅದರ ಹೆಸರಲ್ಲಿ ಬಾಗಿಲು ಹಾಕಬೇಡಿ. ತಾಯಿ ಮಡಿಲಿಗೆ ಓಡುವ ಮಗು ಮೈಮೇಲಿನ ಕೆಸರು ನೋಡಿಕೊಳ್ಳುತ್ತದಾ? ನಂಬಿಕೆ ಅಂದರೆ ಅಷ್ಟೇ.

ಅವ್ವ ಈಗ ಮನೆಯಲ್ಲೇ ಮೊಮ್ಮಗಳ ಜೊತೆ ಪ್ರಾರ್ಥನೆ ಮಾಡುತ್ತಾಳೆ, ಓಲೆ ಹಾಕಿಕೊಂಡೇ.