ಕಮಾನು ಆಮೇಲೆ ಕಟ್ಟುವ, ಮೊದಲು ಸೋರುವುದು ನಿಲ್ಲಿಸುವ

ನಮ್ಮೂರ ಸಮುದಾಯ ಭವನದ ಸಹಾಯಕ್ಕೆ ಅಂತ ಈ ಏಪ್ರಿಲ್‌ನಲ್ಲಿ ಒಂದು ದಿನದ ಕ್ರೀಡಾಕೂಟ ಆಯ್ತು. ಗಂಡಸರಿಗೆ ಹಗ್ಗಜಗ್ಗಾಟ, ತೆಂಗಿನಕಾಯಿಗೆ ಗುಂಡು ಹೊಡೆಯುವುದು, ಹೆಂಗಸರಿಗೆ ಥ್ರೋಬಾಲ್, ಮಕ್ಕಳಿಗೆ ಕಾಳು ಹೆಕ್ಕುವುದು, ಸಂಜೆಗೆ ಲಕ್ಕಿ ಡಿಪ್. ದುಡ್ಡೂ ಬಂತು. ಕೊಡಗಲ್ಲಿ ಏಪ್ರಿಲ್ ಅಂದ್ರೆ ಕಾಫಿ ಕುಯ್ದು, ಒಣಗಿಸಿ, ಮಾರಿ ಆಗಿರ್ತದೆ. ಕೈಯಲ್ಲಿ ನಾಲ್ಕು ಕಾಸು ಇರುವ ತಿಂಗಳು ಅದೊಂದೇ. ಜೂನ್‌ನಲ್ಲಿ ಚಂದಾ ಪುಸ್ತಕ ಹಿಡ್ಕೊಂಡು ಬಂದ್ರೆ ನಾಯಿ ಮಾತ್ರ ಎದುರಿಗೆ ಬರ್ತದೆ.

ಈಗ ಆ ದುಡ್ಡಲ್ಲಿ ಎಂತ ಮಾಡುವುದು ಅಂತ ಮಾತು ನಡೀತಾ ಉಂಟು. ರಸ್ತೆ ಬದಿಗೆ ಒಂದು ಕಮಾನು, ವೇದಿಕೆಗೆ ಗ್ರಾನೈಟ್, ಒಳಗಡೆ ಪಿಒಪಿ ಸೀಲಿಂಗ್. ಹೆಚ್ಚಿನವರಿಗೆ ಅದೇ ಇಷ್ಟ. ನನಗೆ ಇಷ್ಟ ಇಲ್ಲ. ಯಾಕೆ ಅಂತ ಹೇಳ್ತೇನೆ, ಮನೆ ನಡೆಸುವವಳ ಲೆಕ್ಕದಲ್ಲೇ ಹೇಳ್ತೇನೆ.

ನಮ್ಮ ಭವನ ಎರಡು ಸಲ ಕಟ್ಟಿದ್ದು. ಹಳೇದು ಹಂಚಿನ ಮಾಡು, ಆಮೇಲೆ ಪಕ್ಕಕ್ಕೆ ಸೇರಿಸಿದ್ದು ಶೀಟಿನ ಮಾಡು. ಎರಡೂ ಮಾಡು ಬಂದು ಕೂಡುವ ಜಾಗದಲ್ಲಿ ನೀರು ಹೋಗ್ಲಿಕ್ಕೆ ಒಂದು ತಗಡಿನ ದೋಣಿ. ಸುತ್ತ ಸಿಲ್ವರ್ ಮರ. ಸಿಲ್ವರ್ ಎಲೆ ಬೇಸಿಗೆಯಿಡೀ ಉದುರಿ ಆ ದೋಣಿಯಲ್ಲಿ ಕೂತು ಚಾಪೆಯ ಹಾಗೆ ಆಗ್ತದೆ. ಮೊದಲ ಜೋರು ಮಳೆಗೆ ನೀರು ತುಂಬಿ ಒಳಗೆ ಇಳೀತದೆ, ಸೀದಾ ಅಡುಗೆ ಕೋಣೆಯ ಗೋಡೆಗೆ. ಪಕ್ಕಾಸು, ರೀಪು ಎರಡೂ ಅಲ್ಲಿ ಕಪ್ಪಾಗಿವೆ. ಮಡಿಕೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುವ ಜಿಲ್ಲೆ ನಮ್ಮದು. ಇಂಥ ಮಾಡಿನ ಕೆಳಗೆ ಪಿಒಪಿ ಹೊಡೆಸಿದ್ರೆ ಒಂದೇ ಮಳೆಗಾಲಕ್ಕೆ ಅದರಲ್ಲಿ ಭೂಪಟ ಮೂಡ್ತದೆ. ಅದೂ ಮೊದಲಿಗೆ ಗೊತ್ತಾಗ್ಲಿಕ್ಕಿಲ್ಲ. ಸೋರುವುದನ್ನು ಸೀಲಿಂಗ್ ಮುಚ್ಚಿಡ್ತದೆ, ಮರ ಒಳಗಿಂದೊಳಗೆ ಕೊಳೀತದೆ.

ದೋಣಿ ಬದಲಾಯಿಸಿ, ಕೊಳೆತ ಪಕ್ಕಾಸು ತೆಗೆಸಿ ಅಂತ ಎಷ್ಟು ಸಲ ಹೇಳಿದ್ದಾಯ್ತು. ಆದ್ರೆ ದೋಣಿಗೆ ಯಾರೂ ದುಡ್ಡು ಕೊಡುವುದಿಲ್ಲ. ನಮ್ಮ ಭವನದ ಫ್ಯಾನ್ ನೋಡಿ, ಒಂದೊಂದು ರೆಕ್ಕೆ ಮೇಲೂ ಕೊಟ್ಟವರ ಹೆಸರು. (ಫ್ಯಾನ್ ತಿರುಗಿದ್ರೆ ಹೆಸರು ಕಾಣುವುದಿಲ್ಲ, ಹೆಸರು ಕಂಡ್ರೆ ಸೆಕೆ.) ಕುರ್ಚಿಯ ಬೆನ್ನಿಗೆ ಹೆಸರು, ಗೋಡೆ ಗಡಿಯಾರಕ್ಕೆ ಹೆಸರು. ಮಾಡಿನ ಮೇಲಿನ ತಗಡಿಗೆ ಹೆಸರು ಬರೆದ್ರೆ ಓದುವವರು ಯಾರು, ಕಾಗೆಯಾ? ಕೊಡುವವರನ್ನು ನಾನು ಹಂಗಿಸುವುದಲ್ಲ. ಹೆಸರು ಬೇಕು ಅಂತ ಅನಿಸುವುದು ತಪ್ಪೂ ಅಲ್ಲ. ಆದ್ರೆ ದಾನಿಗೆ ಎಂತ ಇಷ್ಟ ಅಂತ ನೋಡಿಯೇ ರಿಪೇರಿ ಪಟ್ಟಿ ಮಾಡ್ಲಿಕ್ಕೆ ಹೊರಟ್ರೆ ಕಟ್ಟಡಕ್ಕೆ ಬೇಕಾದ್ದು ಯಾವತ್ತೂ ಆಗುವುದಿಲ್ಲ.

ಸರ್ಕಾರದ ದುಡ್ಡಿನ ಕಥೆಯೂ ಹೀಗೇ. ಸಂಸದರ ನಿಧಿ ಅಂತ 1993ರಿಂದ ಉಂಟು, ಈಗ ಒಬ್ಬೊಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ. ಊರೂರಲ್ಲಿ ಸಮುದಾಯ ಭವನ ಎದ್ದದ್ದರಲ್ಲಿ ಅದರ ಪಾಲೂ ಉಂಟು, ಒಳ್ಳೇದೇ. ಆದ್ರೆ ಆ ದುಡ್ಡು ಶಾಶ್ವತ ಆಸ್ತಿ ಕಟ್ಟಲಿಕ್ಕೆ, ವರ್ಷ ವರ್ಷದ ಸಣ್ಣ ರಿಪೇರಿಗೆ ಅಲ್ಲ. ಕಟ್ಟಿಕೊಟ್ಟವರು ದೋಣಿಯ ಎಲೆ ತೆಗೀಲಿಕ್ಕೆ ಬರುವುದಿಲ್ಲ. ಹಾಗಾಗಿ ಊರಿನ ದುಡ್ಡು, ಅಂದ್ರೆ ನಾವು ಟಿಕೆಟ್ ಮಾರಿ ಕೂಡಿಸಿದ ದುಡ್ಡು, ಇಂಥ ಕಾಣದ ಕೆಲಸಕ್ಕೇ ಹೋಗ್ಬೇಕು. ಬೇರೆ ಯಾರೂ ಕೊಡದ ಖರ್ಚಿಗೇ ಅಲ್ವಾ ನಮ್ಮ ದುಡ್ಡು?

ಈಗ ಅಡುಗೆ ಕೋಣೆಗೆ ಬರುವ. ಕ್ರೀಡಾಕೂಟದ ಲೆಕ್ಕ ಓದಿದ್ರು. ಶಾಮಿಯಾನಕ್ಕೆ ಇಷ್ಟು, ಮೈಕ್‌ಸೆಟ್ಟಿಗೆ ಇಷ್ಟು, ಟ್ರೋಫಿಗೆ ಇಷ್ಟು, ಉಳಿದದ್ದು ಇಷ್ಟು. ಚಪ್ಪಾಳೆ. ಊಟದ ಲೆಕ್ಕದಲ್ಲಿ ಬರೆದದ್ದು ಮಾಂಸ ಮತ್ತು ಗ್ಯಾಸ್ ಮಾತ್ರ. ಅಕ್ಕಿ ಮನೆಮನೆಯಿಂದ ಬಂದದ್ದು, ತೆಂಗಿನಕಾಯಿ, ಕಾಳುಮೆಣಸು ಮನೆಯದ್ದು, ಕಾಚಂಪುಳಿ ಯಾರ್ಯಾರದ್ದೋ ಬಾಟ್ಲಿಯಿಂದ. ಹಿಂದಿನ ದಿನ ಮಧ್ಯಾಹ್ನದಿಂದ ಹನ್ನೆರಡು ಹೆಂಗಸರು ಈರುಳ್ಳಿ ಸುಲಿದದ್ದು, ಬೆಳಗಿನ ಜಾವಕ್ಕೆ ಎದ್ದು ಕಡುಬು ಬೇಯಿಸಿದ್ದು ಯಾವ ಕಾಲಂನಲ್ಲೂ ಇಲ್ಲ. ಕೂಲಿ ಕೊಡಿ ಅಂತ ಯಾರೂ ಕೇಳ್ಲಿಲ್ಲ, ಕೇಳುವುದೂ ಇಲ್ಲ. ಊರ ಕೆಲಸ ಅಲ್ವಾ. ಆದ್ರೆ ಅಷ್ಟು ಜನ ಎರಡು ದಿನ ತೋಟದ ಕೆಲಸಕ್ಕೆ ಹೋಗಿದ್ರೆ ಬರ್ತಿದ್ದ ಕೂಲಿ ಲೆಕ್ಕ ಹಾಕಿ ನೋಡಿ, ಉಳಿದ ದುಡ್ಡಲ್ಲಿ ಒಂದು ದೊಡ್ಡ ಪಾಲು ನಮ್ಮದೇ. ಆ ಪಾಲಿಗೆ ಬದಲಾಗಿ ನಾವು ಕೇಳುವುದು ಹೊಗೆ ಹೊರಗೆ ಹೋಗುವ ಒಂದು ಕಿಂಡಿ, ಬಗ್ಗದೆ ಪಾತ್ರೆ ತೊಳೀಲಿಕ್ಕೆ ಒಂದು ಕಟ್ಟೆ, ಜಾರದ ನೆಲ. ಮತ್ತೆ ಚಿಲಕ ಇರುವ ಎರಡು ಶೌಚಾಲಯ. ಈಗ ಹೆಂಗಸರಿಗೆ ಇರುವುದು ಒಂದು, ಅದರ ಬಾಗಿಲನ್ನು ಹೊರಗಿಂದ ಇನ್ನೊಬ್ಬಳು ಹಿಡ್ಕೊಂಡು ನಿಲ್ಬೇಕು.

ನಮ್ಮತ್ತೆ ಹೇಳುವುದು, "ಮದುವೆಗೆ ಹೋದವರು ಚಪ್ಪರ ನೋಡ್ತಾರೆ, ಮನೆಯವರು ಒಲೆ ನೋಡ್ತಾರೆ." ಮನೆಯವರು ಯಾರು ಅಂತ ತೀರ್ಮಾನ ಆಗ್ಬೇಕಾದ್ದು ಇಲ್ಲಿಯೇ.

ಕಾರ್ಯಕ್ರಮ ಮಾಡುವುದೇ ಬೇಡ ಅಂತ ನಾನು ಹೇಳುವುದಿಲ್ಲ, ತಪ್ಪು ತಿಳೀಬೇಡಿ. ಕೊಡಗಿನವರಿಗೆ ಆಟ ಅಂದ್ರೆ ಜನ ಸೇರುವ ದಾರಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ಅರುವತ್ತು ಕುಟುಂಬ ಆಡಿತ್ತು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬಕ್ಕೆ 360 ತಂಡ, ಗಿನ್ನೆಸ್ ದಾಖಲೆ. ಅಲ್ಲಿ ಕೊನೆಗೆ ಎಷ್ಟು ಉಳೀತು ಅಂತ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಓಡಿದ್ದೇ ಅದರ ಲಾಭ. ಆದ್ರೆ "ಭವನದ ಸಹಾಯಾರ್ಥ" ಅಂತ ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿದ ಮೇಲೆ ಬೇರೆ. ಆಗ ಕೊಟ್ಟ ಒಂದೊಂದು ನೋಟಿಗೂ ಉತ್ತರ ಹೇಳ್ಬೇಕು.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದ್ದು. ಭವನ ಮದುವೆಗೆ, ನಾಮಕರಣಕ್ಕೆ, ಆಟಿ ಹದಿನೆಂಟರ ಮದ್ದುಸೊಪ್ಪಿನ ಪಾಯಸಕ್ಕೆ ಮಾತ್ರ ಅಂತ ಅಂದ್ಕೊಂಡಿದ್ದೆವು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಜನ ಉಟ್ಟ ಬಟ್ಟೆಯಲ್ಲಿ ಬಂದು ಸೇರಿದ್ದು ಎಲ್ಲಿಗೆ? ಶಾಲೆಗಳಿಗೆ, ಸಮಾಜದ ಕಟ್ಟಡಗಳಿಗೆ, ಸಮುದಾಯ ಭವನಗಳಿಗೆ. ಮಡಿಕೇರಿಯ ಮೈತ್ರಿ ಭವನ ಎಷ್ಟೋ ಕುಟುಂಬಕ್ಕೆ ಮನೆಯೇ ಆಗಿತ್ತು. ಮಾರನೇ ವರ್ಷ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯವರು ಮನೆ ಬಿಟ್ಟಾಗಲೂ ಹಾಗೇ. ನಾವು ಆವಾಗ ರೊಟ್ಟಿ, ಹೊದಿಕೆ ಕಟ್ಕೊಂಡು ಶಿಬಿರಕ್ಕೆ ಹೋಗಿದ್ದೆವು. ಅಲ್ಲಿ ಬೇಕಾಗಿದ್ದದ್ದು ಒಣಗಿದ ನೆಲ, ನೀರು, ಶೌಚಾಲಯ, ನೂರು ಜನಕ್ಕೆ ಗಂಜಿ ಬೇಯುವ ಒಲೆ, ಬಾಣಂತಿ ಮಗು ಮಲಗಿಸ್ಲಿಕ್ಕೆ ಬಾಗಿಲು ಇರುವ ಒಂದು ಕೋಣೆ. ಕಮಾನು ಹೇಗುಂಟು ಅಂತ ಯಾರೂ ತಲೆ ಎತ್ತಿ ನೋಡ್ಲಿಲ್ಲ. ನಮ್ಮೂರ ಮೇಲೂ ಗುಡ್ಡ ಉಂಟು. ಅಂಥ ರಾತ್ರಿ ನಮಗೇ ಬಂದ್ರೆ ನಾವು ಓಡಿ ಹೋಗುವ ಜಾಗದ ಅಡುಗೆ ಗೋಡೆಯಲ್ಲೇ ನೀರು ಇಳೀತಾ ಇರ್ತದೆ.

ಹಾಗಾಗಿ ನಾನು ಸಭೆಯಲ್ಲಿ ಹೇಳುವುದು ಇಷ್ಟು. ಈ ವರ್ಷದ ದುಡ್ಡು ಮಾಡಿಗೆ, ಅಡುಗೆ ಕೋಣೆಗೆ, ಶೌಚಾಲಯಕ್ಕೆ. ಉಳಿದ್ರೆ ವೇದಿಕೆಗೆ. ಇನ್ನು ಮುಂದೆ ಯಾವ ಕಾರ್ಯಕ್ರಮ ಆದ್ರೂ ಉಳಿಕೆಯ ಕಾಲು ಭಾಗ ಬೇರೆ ಖಾತೆಗೆ ಹೋಗ್ಲಿ, ಎಲೆ ತೆಗೆಯುವವರಿಗೆ, ಹಂಚು ಬದಲಾಯಿಸ್ಲಿಕ್ಕೆ, ಟ್ಯಾಂಕಿ ತೊಳೀಲಿಕ್ಕೆ ಮಾತ್ರ. ಲೆಕ್ಕದ ಹಾಳೆ ಭವನದ ಬಾಗಿಲಿಗೆ ಅಂಟಿಸಿ, ಮನೆಯಿಂದ ಬಂದ ಅಕ್ಕಿ ಕಾಯಿಯನ್ನೂ ಅದರಲ್ಲಿ ಬರೀರಿ. ಕಟ್ಟಡ ಸಮಿತಿಯಲ್ಲಿ ಅಡುಗೆ ಮಾಡುವವರಲ್ಲಿ ಇಬ್ಬರಾದ್ರೂ ಇರ್ಲಿ. ತೊಳೆಯುವ ಕಟ್ಟೆ ಎಷ್ಟು ಎತ್ತರ ಬೇಕು ಅಂತ ಕಂಟ್ರಾಕ್ಟರನ್ನು ಕೇಳುವುದಕ್ಕಿಂತ ನಮ್ಮನ್ನು ಕೇಳುವುದು ವಾಸಿ. ಕೊಟ್ಟವರ ಹೆಸರು ಬೇಕೇ ಬೇಕು ಅಂದ್ರೆ ಹೊಸ ದೋಣಿಗೆ ಕೊಟ್ಟವರ ಹೆಸರನ್ನು ಎದುರು ಗೋಡೆಯಲ್ಲೇ ಹಾಕುವ, ದೊಡ್ಡ ಅಕ್ಷರದಲ್ಲಿ.

"ಈಗ ಶುರು ಮಾಡಿದ್ರೆ ಮಳೆ ಹಿಡೀತದೆ, ಅಕ್ಟೋಬರ್‌ಗೆ ನೋಡುವ" ಅಂತ ಒಬ್ಬರು ಆಗಲೇ ಹೇಳಿದ್ದಾರೆ. ಕಮಾನಾದ್ರೆ ಅಕ್ಟೋಬರ್‌ಗೆ ಆಗ್ತದೆ. ಮಾಡಿಗೆ ಆಗುವುದಿಲ್ಲ. ಮಳೆಗೆ ಇನ್ನು ಮೂರು ವಾರ ಉಂಟು, ಬಡಗಿಗೆ ಕೇಳಿದ್ದೇನೆ, ದೋಣಿ ಮತ್ತು ಪಕ್ಕಾಸಿಗೆ ಆರು ದಿನ ಸಾಕಂತೆ. ಸಭೆ ಭಾನುವಾರ ಹತ್ತು ಗಂಟೆಗೆ. ಏಣಿ ನಮ್ಮ ಮನೆಯಲ್ಲಿ ಉಂಟು.