ಅಂಟಿರುವ ಚಿಪ್ಪನ್ನು ಕೀಳದಿರೋಣ

ಹೊಸಕೋಟೆಯ ಓದುಗ ಬಂಧುಗಳೇ,

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ನಮ್ಮೂರಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲೇ ಹಾಸನ, ಸಕಲೇಶಪುರ ದಾಟಿದರೆ ಬಂಟ್ವಾಳ. ಅಲ್ಲಿಂದ ಕಡಲು ಹತ್ತಿರ. ಮಕ್ಕಳು ಮಲ್ಪೆ, ಮುರುಡೇಶ್ವರ, ಗೋಕರ್ಣ ಎಲ್ಲವನ್ನೂ ನೋಡಲಿ, ಅಲೆಯಲ್ಲಿ ಮನಸಾರೆ ಆಡಲಿ. ಹಿಂತಿರುಗುವಾಗ ಜೇಬು ತುಂಬಾ ಚಿಪ್ಪು ತರುವ ಆಸೆಯೂ ಸಹಜವೇ. ಆ ಚಿಪ್ಪುಗಳಲ್ಲಿ ಒಂದರ ಬಗ್ಗೆ ತಮ್ಮಲ್ಲಿ ಒಂದು ವಿನಂತಿ.

ಕಡಲು ಇಳಿದಾಗ ಬಂಡೆಯ ಸಂದಿಯಲ್ಲಿ, ಕಲ್ಲಿನ ಅಡಿಯಲ್ಲಿ ಪುಟ್ಟ ಟೊಪ್ಪಿಗೆಯಂತಹ ಚಿಪ್ಪೊಂದು ಅಂಟಿಕೊಂಡಿರುತ್ತದೆ. ಅದರ ನೆತ್ತಿಯಲ್ಲಿ ಒಂದು ತೂತು. ಇದು ಕೀಹೋಲ್ ಲಿಂಪೆಟ್, ಬಸವನಹುಳುವಿನ ಬಳಗದ ಜೀವಿ. ಬೆಚ್ಚನೆಯ ಕಡಲುಗಳಲ್ಲಿ ಡಯೋಡೋರಾ ಎಂಬ ಕುಲದ ಹಲವು ಪ್ರಭೇದಗಳಿವೆ. ಡಯೋಡೋರಾ ಬೊಂಬಾಯಾನಾ ಎಂಬುದಕ್ಕೆ ಮುಂಬಯಿಯ ಹೆಸರನ್ನೇ ಇಟ್ಟಿದ್ದಾರೆ.

ಆ ತೂತು ಅದರ ಉಸಿರಿನ ದಾರಿ. ಚಿಪ್ಪಿನ ಅಂಚಿನಡಿಯಿಂದ ನೀರು ಒಳಗೆ ಬರುತ್ತದೆ, ಎರಡು ಕಿವಿರುಗಳನ್ನು ತೊಳೆದುಕೊಂಡು, ಕಸದೊಂದಿಗೆ ಮೇಲಿನ ತೂತಿನಿಂದ ಹೊರಗೆ ಹೋಗುತ್ತದೆ. ಪಾಚಿಯನ್ನೋ ಸ್ಪಂಜನ್ನೋ ಒರಟು ನಾಲಗೆಯಿಂದ ಕೆರೆದು ತಿನ್ನುತ್ತಾ ಅದು ಕಲ್ಲಿನ ಮೇಲೆ ನಿಧಾನವಾಗಿ ತೆವಳುತ್ತದೆ. ಮುಟ್ಟಿದೊಡನೆ ಅಗಲವಾದ ಪಾದದಿಂದ ಕಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ. ಚಾಕುವನ್ನೋ ಕೀಲಿಯನ್ನೋ ತೂರಿಸಿ ಎಬ್ಬಿಸಿದರೆ ಆ ಪಾದ ಹರಿಯುತ್ತದೆ. ಮತ್ತೆ ಅಂಟಿಕೊಳ್ಳಲಾಗದೆ ಜೀವ ಹೋಗುತ್ತದೆ. ಬಸ್ಸಿನಲ್ಲಿ ಒಂದು ದಿನ ಕಳೆಯುವುದರೊಳಗೆ ನಾರತೊಡಗುವ ಆ ಚಿಪ್ಪನ್ನು ಮನೆಯಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ.

ದಯವಿಟ್ಟು ಕಲ್ಲಿಗೆ ಅಂಟಿರುವುದನ್ನು ಅಲ್ಲೇ ಬಿಡಿ. ನೋಡಲೆಂದು ಕಲ್ಲು ಮಗುಚಿದರೆ ಮೆಲ್ಲಗೆ ಮೊದಲಿನಂತೆಯೇ ಇಡಿ, ಅದರ ಅಡಿಯ ಜೀವಗಳಿಗೆ ಬಿಸಿಲು ತಾಗದಿರಲಿ. ನೆನಪಿಗೆ ಒಂದು ಫೋಟೋ ತೆಗೆದುಕೊಳ್ಳಿ.

ಕಡಲಿಗೆ ಹೋಗದವರೂ ಕಡಲ ಜೀವಿಗಳನ್ನು ಉಳಿಸುವುದರಲ್ಲಿ ಕೈಜೋಡಿಸಬಹುದು. ನಂದಿಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿ ನಮ್ಮ ತಾಲ್ಲೂಕನ್ನು ಹಾದು, ತಮಿಳುನಾಡಿನಲ್ಲಿ ಹರಿದು, ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಮ್ಮ ಕೆರೆ ಏರಿಯ ಮೇಲೆ ಬಿಟ್ಟ ಪ್ಲಾಸ್ಟಿಕ್ ಮಳೆಗಾಲದಲ್ಲಿ ಆ ನದಿಯನ್ನು ಸೇರಿದರೆ ಎಷ್ಟು ದೂರ ಹೋಗಬಹುದೆಂದು ತಾವೇ ಊಹಿಸಬಲ್ಲಿರಿ. ಏರಿಗೆ ವಾಯುವಿಹಾರಕ್ಕೆ ಹೋಗುವವರು ತಮ್ಮ ಕಸವನ್ನು ಮನೆಗೇ ತನ್ನಿ ಎಂದು ಕೋರುತ್ತೇನೆ.

ಶಿಕ್ಷಕ ಮಿತ್ರರೇ, ತಮ್ಮ ಮಾತನ್ನು ಮಕ್ಕಳು ನಮಗಿಂತ ಹೆಚ್ಚು ಕೇಳುತ್ತಾರೆ. ಈ ಬಾರಿ ಬಸ್ಸು ಹೊರಡುವ ಮುನ್ನ ಕಲ್ಲಿಗೆ ಅಂಟಿರುವ ಆ ಚಿಪ್ಪಿನ ಜೀವಿಯ ಬಗ್ಗೆ ಐದು ನಿಮಿಷ ಹೇಳಿ.